ಎಲೆ ಮೆತ್ತಗಾಗಿದೆ: ನೀರು ಹೆಚ್ಚಾಯಿತೋ, ಕಡಿಮೆಯಾಯಿತೋ?

ಬಾಲ್ಕನಿತೋಟ

ಕುಂಡದಲ್ಲಿರುವ ಎಚೆವೇರಿಯಾ ಎಂಬ, ನೀರು ತುಂಬಿದ ದಪ್ಪ ಎಲೆಗಳ ಗಿಡದ ಕೆಳಗಿನ ಎಲೆಗಳು ಕೆಲವು ದಿನಗಳಿಂದ ಮೆತ್ತಗಾಗುತ್ತಿವೆ. ಮೊದಲು ಒಂದು ಎಲೆಯ ಬುಡ ಹಳದಿಯಾಯಿತು. ಆಮೇಲೆ ಇಡೀ ಎಲೆ ನೀರುನೀರಾಗಿ, ಬೆಳಕಿಗೆ ಹಿಡಿದರೆ ಆಚೆಗೆ ಮಸುಕಾಗಿ ಕಾಣುವಂತಾಯಿತು. ಬೆರಳು ತಾಗಿದರೆ ಸಾಕು, ಕಳಚಿ ಬೀಳುತ್ತದೆ. ಹಿಸುಕಿದರೆ ರಸ ಸುರಿಯುತ್ತದೆ. ಮೇಲಿನ ಎಲೆಗಳು ಮಾತ್ರ ಇನ್ನೂ ಗಟ್ಟಿಯಾಗಿವೆ, ಬಣ್ಣವೂ ಚೆನ್ನಾಗಿದೆ. ವಾರಕ್ಕೊಮ್ಮೆ ನೀರು ಹಾಕುತ್ತೇನೆ, ಕಿಟಕಿಯ ಪಕ್ಕದಲ್ಲಿ ಇಟ್ಟಿದ್ದೇನೆ.

ಒಬ್ಬರು ನೀರು ಸಾಲದು ಎನ್ನುತ್ತಾರೆ, ಇನ್ನೊಬ್ಬರು ಬಿಸಿಲು ಸಾಲದು ಎನ್ನುತ್ತಾರೆ, ಮತ್ತೊಬ್ಬರು ಗೊಬ್ಬರ ಹಾಕಿ ಎನ್ನುತ್ತಾರೆ. ತುಂಬಾ ಬೇಕಾದವರು ಕೊಟ್ಟ ಗಿಡ, ಹೇಗಾದರೂ ಉಳಿಸಿಕೊಳ್ಳಬೇಕು. ಮೊದಲು ಏನು ಮಾಡಲಿ?

ಹಸಿರುಕಿಟಕಿ

ಎಲೆ ಮೆತ್ತಗಾದರೆ ಗಿಡಕ್ಕೆ ಬಾಯಾರಿದೆ ಎಂದೇ ನಾನು ತಿಳಿದಿದ್ದೇನೆ. ಒಮ್ಮೆ ಕುಂಡ ತುಂಬಾ ನೀರು ಕೊಟ್ಟು ನೋಡಿ, ಎರಡು ದಿನದಲ್ಲಿ ಚೇತರಿಸಿಕೊಳ್ಳಬಹುದು.

ಮಣ್ಣುಗೈ

ದಯವಿಟ್ಟು ಈಗ ಒಂದು ತೊಟ್ಟು ನೀರನ್ನೂ ಹಾಕಬೇಡಿ. ಗೊಬ್ಬರದ ಮಾತಂತೂ ಬೇಡವೇ ಬೇಡ.

ಎಲೆ ಮೆತ್ತಗಾಗುವುದರಲ್ಲಿ ಎರಡು ಬಗೆಯಿದೆ. ಎರಡಕ್ಕೂ ಒಂದೇ ಚಿಕಿತ್ಸೆ ಮಾಡಿದರೆ ಗಿಡ ಕೈತಪ್ಪುತ್ತದೆ. ಬಾಯಾರಿದ ಎಲೆ ತೆಳ್ಳಗಾಗುತ್ತದೆ, ಸುಕ್ಕುಗಟ್ಟುತ್ತದೆ, ಬಗ್ಗಿಸಿದರೆ ಮುರಿಯದೆ ಬಾಗುತ್ತದೆ. ಬಣ್ಣ ಮಂಕಾದರೂ ಒಳಗೆ ತಿರುಳು ಇರುತ್ತದೆ, ಎಳೆದರೂ ಕಾಂಡವನ್ನು ಬಿಡುವುದಿಲ್ಲ. ನೀರು ಹೆಚ್ಚಾಗಿ ಕೆಟ್ಟ ಎಲೆ ಇದಕ್ಕೆ ತದ್ವಿರುದ್ಧ: ಉಬ್ಬಿರುತ್ತದೆ, ಸುಕ್ಕು ಇರುವುದಿಲ್ಲ, ಹಳದಿಗೆ ತಿರುಗಿ ಪಾರದರ್ಶಕವಾಗುತ್ತದೆ, ಮುಟ್ಟಿದರೆ ಬೀಳುತ್ತದೆ. ನೀವು ಬರೆದಿರುವ ಒಂದೊಂದು ಲಕ್ಷಣವೂ ಎರಡನೆಯದು.

ಈ ಎಲೆಗಳ ಒಳಗೆ ನೀರನ್ನು ಕೂಡಿಡುವ ದೊಡ್ಡ ದೊಡ್ಡ ಕೋಶಗಳಿವೆ, ಅವುಗಳ ಗೋಡೆ ಬಹಳ ತೆಳು. ನೀರು ಕಡಿಮೆಯಾದಾಗ ಆ ಗೋಡೆ ಮಡಚಿಕೊಳ್ಳುತ್ತದೆ, ನೀರು ಸಿಕ್ಕಾಗ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಸುಕ್ಕು ಬಿದ್ದ ಎಲೆ ಮತ್ತೆ ತುಂಬಿಕೊಳ್ಳುತ್ತದೆ. ಗೋಡೆ ಒಡೆದುಹೋದರೆ, ಅಥವಾ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪೆಕ್ಟಿನ್ ಕರಗಿಹೋದರೆ, ಆ ಎಲೆ ಮುಗಿಯಿತು. ಹಾಗಾಗಿ ಬಿದ್ದ ಎಲೆಗಳ ಚಿಂತೆ ಬಿಡಿ. ಉಳಿದ ಗಿಡದ ಸ್ಥಿತಿ ಏನು ಎಂಬುದನ್ನು ನೋಡಬೇಕು.

ಕೆಲವು ವಿಷಯ ತಿಳಿಸಿ. ಕುಂಡದ ತಳದಲ್ಲಿ ತೂತು ಇದೆಯೇ? ಮಣ್ಣಿನಲ್ಲಿ ಏನೇನಿದೆ? ಒಂದು ಒಣ ಬಿದಿರು ಕಡ್ಡಿಯನ್ನು ಕುಂಡದ ತಳ ಮುಟ್ಟುವವರೆಗೆ ಚುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಹೊರತೆಗೆದರೆ ಹೇಗೆ ಕಾಣುತ್ತದೆ? ಎಲೆ ಬಿದ್ದ ಜಾಗದಲ್ಲಿ ಕಾಂಡದ ಬಣ್ಣ ಏನಿದೆ? ದಿನಕ್ಕೆ ಎಷ್ಟು ಹೊತ್ತು ನೇರ ಬಿಸಿಲು ಬೀಳುತ್ತದೆ?

ಬಾಲ್ಕನಿತೋಟ

ಕುಂಡ ಮೆರುಗು ಕೊಟ್ಟ ಪಿಂಗಾಣಿಯದು. ತಳದಲ್ಲಿ ಒಂದೇ ಒಂದು ಸಣ್ಣ ತೂತಿದೆ, ಕೆಳಗೆ ತಟ್ಟೆ ಇಟ್ಟಿದ್ದೇನೆ. ಮೇಲೆ ಬಿಳಿ ಕಲ್ಲುಗಳನ್ನು ಹರಡಿದ್ದಾರೆ. ಅವುಗಳನ್ನು ಸರಿಸಿ ನೋಡಿದರೆ ಮಣ್ಣು ಪೂರ್ತಿ ಒಣಗಿದೆ. ಆದರೆ ಕಡ್ಡಿ ಚುಚ್ಚಿ ತೆಗೆದಾಗ ಆಶ್ಚರ್ಯವಾಯಿತು. ಮೇಲಿನ ಅರ್ಧ ಹಾಕಿದಂತೆಯೇ ಒಣಗಿ ಬಂತು, ಕೆಳಗಿನ ಅರ್ಧ ಒದ್ದೆಯಾಗಿ ಕಪ್ಪಗಾಗಿತ್ತು, ಮಣ್ಣು ಅಂಟಿಕೊಂಡಿತ್ತು. ನೀರು ಹಾಕಿ ವಾರ ಕಳೆದ ಮೇಲೂ ಹೀಗೆ!

ಕಾಂಡದ ಕೆಳಭಾಗ ತಿಳಿಕಂದು, ಮೇಲೆ ಹಸಿರು. ಕಿಟಕಿಯಿಂದ ಬೆಳಕು ಬರುತ್ತದೆ, ನೇರ ಬಿಸಿಲು ಬೀಳುವುದಿಲ್ಲ.

ಮಣ್ಣುಗೈ

ಕಡ್ಡಿಯೇ ಎಲ್ಲವನ್ನೂ ಹೇಳಿಬಿಟ್ಟಿದೆ. ಮೇಲ್ಮಣ್ಣನ್ನು ನೋಡಿ ನೀರು ಹಾಕುವವರೆಲ್ಲರಿಗೂ ಆಗುವ ತೊಂದರೆ ಇದು. ಮೇಲೆ ಒಣಗಿರುತ್ತದೆ, ಬೇರು ಇರುವ ಕಡೆ ಕೆಸರು ನಿಂತಿರುತ್ತದೆ. ಮೇಲಿನ ಕಲ್ಲು ಆವಿಯಾಗುವುದನ್ನು ತಡೆಯುತ್ತದೆ, ಮೆರುಗಿನ ಗೋಡೆಯಿಂದ ತೇವ ಹೊರಹೋಗುವುದಿಲ್ಲ, ತಟ್ಟೆಯಲ್ಲಿ ನಿಂತ ನೀರನ್ನು ಮಣ್ಣು ಮತ್ತೆ ಮೇಲಕ್ಕೆ ಹೀರುತ್ತದೆ.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ಗಾಳಿ ಇರಬೇಕಾದ ಕಡೆ ನೀರು ತುಂಬಿಕೊಂಡರೆ ಬೇರಿಗೆ ಆಮ್ಲಜನಕ ಸಿಗದೆ ಅದು ಸಾಯತೊಡಗುತ್ತದೆ. ಸಾಯುತ್ತಿರುವ ಬೇರಿಗೆ ಪಿಥಿಯಮ್, ಫೈಟಾಫ್ತೊರಾ, ಫ್ಯುಸೇರಿಯಮ್‌ಗಳಂಥ ರೋಗಕಾರಕಗಳು ಮುತ್ತಿಕೊಳ್ಳುತ್ತವೆ, ಅಲ್ಲಿಂದ ಕಾಂಡಕ್ಕೆ ಏರುತ್ತವೆ. ಕೆಳಗಿನ ಎಲೆಗಳು ಮೊದಲು ಕೆಡುವುದು ಈ ಕಾರಣಕ್ಕೆ.

ಬೆಳಕಿನ ವಿಷಯವನ್ನೂ ಇದರೊಂದಿಗೇ ನೋಡಬೇಕು. ಎಚೆವೇರಿಯಾ, ಜೇಡ್, ಸೀಡಮ್, ಕಲಂಚೊ ಇವೆಲ್ಲ ಒಂದೇ ಕುಟುಂಬದವು. ಇವು ಹಗಲಿನಲ್ಲಿ ಪತ್ರರಂಧ್ರಗಳನ್ನು (ಎಲೆಯ ಮೇಲಿನ ಅತಿ ಸಣ್ಣ ತೂತುಗಳನ್ನು) ಮುಚ್ಚಿಕೊಂಡು, ರಾತ್ರಿ ತೆರೆದು ಇಂಗಾಲದ ಡೈ ಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ಒಣನಾಡಿನಲ್ಲಿ ನೀರನ್ನು ಉಳಿಸಿಕೊಳ್ಳಲು ಕಂಡುಕೊಂಡ ದಾರಿ ಅದು. ಎಚೆವೇರಿಯಾದ ಹಲವು ಜಾತಿಗಳು ಮೆಕ್ಸಿಕೊದ ಬೆಟ್ಟಗಳಲ್ಲಿ ಬಂಡೆಯ ಬಿರುಕುಗಳಲ್ಲಿ ಬೆಳೆಯುತ್ತವೆ, ಅಲ್ಲಿ ಮಳೆನೀರು ನಿಲ್ಲುವುದೇ ಇಲ್ಲ. ಮೊದಲೇ ಕಡಿಮೆ ನೀರು ಬಳಸುವ ಗಿಡ ಮಂದ ಬೆಳಕಿನಲ್ಲಿ ಇನ್ನೂ ಕಡಿಮೆ ಬಳಸುತ್ತದೆ. ಹಾಗಾಗಿ ‘ವಾರಕ್ಕೊಮ್ಮೆ’ ಎಂಬ ಲೆಕ್ಕಕ್ಕೆ ಅರ್ಥವೇ ಇಲ್ಲ. ನಾನು ಇದನ್ನು ಎಲ್ಲ ಕಡೆ ಹೇಳುತ್ತಲೇ ಇರುತ್ತೇನೆ: ಗಡಿಯಾರ, ಕ್ಯಾಲೆಂಡರ್ ನೋಡಿ ನೀರು ಹಾಕಬಾರದು, ಕುಂಡದ ತಳ ನೋಡಿ ಹಾಕಬೇಕು.

ಈಗ ಗಿಡವನ್ನು ಕುಂಡದಿಂದ ಹೊರತೆಗೆಯಿರಿ. ನಾಳೆ ಎನ್ನಬೇಡಿ, ಇವತ್ತೇ ಮಾಡಿ. ಬೇರನ್ನು ನೋಡದೆ ಮುಂದಿನ ಹೆಜ್ಜೆ ಹೇಳಲು ಆಗುವುದಿಲ್ಲ.

ಬಿಸಿಲುಮೂಲೆ

ಮಣ್ಣುಗೈ ಅವರ ಮಾತಿಗೆ ಒಂದಿಷ್ಟು ಸೇರಿಸುತ್ತೇನೆ, ಮುಂದೆ ಇದನ್ನು ಓದುವವರಿಗೆ ಉಪಯೋಗವಾಗಬಹುದು. ಕೆಳಗಿನ ಒಂದೆರಡು ಎಲೆ ಒಣಗಿ, ತೆಳ್ಳಗೆ ಕಂದಾಗಿ ಕಾಂಡಕ್ಕೆ ಅಂಟಿಕೊಂಡಿದ್ದರೆ ಅದು ರೋಗವಲ್ಲ. ಗಿಡ ಹಳೆಯ ಎಲೆಯ ಸಾರವನ್ನು ಹೀರಿಕೊಂಡು ಬಿಟ್ಟಿರುತ್ತದೆ, ಅಷ್ಟೇ. ಕಿತ್ತು ಹಾಕಿದರೆ ಸಾಕು.

ಕೊರೆಯುವ ಚಳಿಯ ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಎಲೆಗಳು ಒಮ್ಮೆಲೇ ನೀರುನೀರಾಗಿ ಆಮೇಲೆ ಕಪ್ಪಾದರೆ ಅದು ಹಿಮದ ಪೆಟ್ಟು. ತಾಪಮಾನ 0 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಒಳಗಿನ ನೀರು ಹೆಪ್ಪುಗಟ್ಟಿ ಕೋಶಗಳು ಒಡೆಯುತ್ತವೆ. ಆಗ ಹಾನಿ ಕೆಳಗಿನಿಂದ ಶುರುವಾಗುವುದಿಲ್ಲ, ಗಾಳಿಗೆ ಒಡ್ಡಿಕೊಂಡ ತುದಿಗಳಲ್ಲಿ ಕಾಣುತ್ತದೆ. ಬಿಸಿಲಿಗೆ ಸುಟ್ಟ ಎಲೆಯ ಮೇಲೆ ಬಿಳಿಚಿದ ಅಥವಾ ಕಂದು ಕಲೆ ಬೀಳುತ್ತದೆ, ಅದು ಒಣಗಿ ಗಟ್ಟಿಯಾಗಿರುತ್ತದೆ, ಮೆತ್ತಗಿರುವುದಿಲ್ಲ.

ಇನ್ನೊಂದಿದೆ. ಕೆಳಗೆಲ್ಲ ಚೆನ್ನಾಗಿದ್ದು ಗಿಡದ ನಡುವಿನ ಸುಳಿಯೇ ಕಪ್ಪಾಗಿ ಕೊಳೆತರೆ, ಮೇಲಿನಿಂದ ಸುರಿದ ನೀರು ಎಲೆಗಳ ನಡುವೆ ನಿಂತಿದೆ ಎಂದರ್ಥ. ಅದಕ್ಕೇ ಬುಡಕ್ಕೆ ನೀರು ಹಾಕಬೇಕು, ತಲೆಗೆ ಹಾಕಬಾರದು. ಸುಳಿಯಲ್ಲಿ ನೀರು ನಿಂತಿದ್ದರೆ ಬಾಯಿಂದ ಊದಿ ಅಥವಾ ಹತ್ತಿಯಿಂದ ಒತ್ತಿ ತೆಗೆಯಿರಿ. ಒರೆಸಬೇಡಿ. ಎಲೆಯ ಮೇಲಿರುವ ಬೂದಿಬಣ್ಣದ ಮೇಣದ ಪುಡಿ ಒಮ್ಮೆ ಅಳಿಸಿಹೋದರೆ ಆ ಎಲೆಯ ಮೇಲೆ ಮತ್ತೆ ಮೊದಲಿನಂತೆ ಬರುವುದಿಲ್ಲ.

ಹಸಿರುಕಿಟಕಿ

ಮಣ್ಣುಗೈ ಅವರೇ, ವಿವರಣೆಗೆ ಧನ್ಯವಾದ. ಒಂದು ಸಂಶಯ ಉಳಿಯಿತು. ನನ್ನ ಹಾವರ್ಥಿಯಾ (ಇದೂ ದಪ್ಪ ಎಲೆಯ ಗಿಡವೇ) ಎಲೆಗಳು ಸುಕ್ಕುಗಟ್ಟಿವೆ, ತೆಳ್ಳಗಾಗಿವೆ. ನೀವು ಹೇಳಿದ ಪ್ರಕಾರ ಅದು ಬಾಯಾರಿಕೆ. ಆದರೆ ಮಣ್ಣು ಒದ್ದೆಯಿದೆ. ಇದು ಯಾವ ಬಗೆಗೆ ಸೇರುತ್ತದೆ?

ಮಣ್ಣುಗೈ

ಬಹಳ ಒಳ್ಳೆಯ ಪ್ರಶ್ನೆ. ಹೆಚ್ಚಿನ ಗಿಡಗಳು ಸಾಯುವುದು ಇಲ್ಲೇ. ಮಣ್ಣು ಒದ್ದೆ, ಎಲೆ ಸುಕ್ಕು ಎಂದರೆ ಬೇರು ಇಲ್ಲ ಎಂದೇ ತಿಳಿಯಿರಿ. ಬೇರು ಕೊಳೆತಿರುವುದರಿಂದ ಸುತ್ತ ನೀರಿದ್ದರೂ ಗಿಡಕ್ಕೆ ಕುಡಿಯಲು ಆಗುತ್ತಿಲ್ಲ, ಎಲೆಯಲ್ಲಿ ಕೂಡಿಟ್ಟದ್ದನ್ನು ಕರಗಿಸಿಕೊಂಡು ಬದುಕಿದೆ. ಸುಕ್ಕು ನೋಡಿದವರು ಇನ್ನಷ್ಟು ನೀರು ಸುರಿಯುತ್ತಾರೆ, ಉಳಿದ ಬೇರೂ ಹೋಗುತ್ತದೆ. ಎಲೆಯೊಂದನ್ನೇ ನೋಡಿ ತೀರ್ಮಾನ ಮಾಡಬಾರದು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಎಲೆ ಮತ್ತು ತಳದ ಮಣ್ಣು ಎರಡನ್ನೂ ಒಟ್ಟಿಗೆ ನೋಡಬೇಕು. ಎರಡೂ ಒಂದೇ ಮಾತು ಹೇಳದಿದ್ದರೆ ಗಿಡವನ್ನು ಹೊರತೆಗೆದು ಬೇರನ್ನೇ ಕೇಳಬೇಕು.

ನಿಮ್ಮ ಹಾವರ್ಥಿಯಾ ಹಿಡಿದು ಮೆಲ್ಲಗೆ ಅಲುಗಾಡಿಸಿ ನೋಡಿ. ಬೇರಿನ ಹಿಡಿತವಿಲ್ಲದೆ ಸಡಿಲವಾಗಿ ಎದ್ದು ಬಂದರೆ ಉತ್ತರ ಸಿಕ್ಕಂತೆ.

ಹಸಿರುಕಿಟಕಿ

ಎದ್ದು ಬಂತು. ಕೆಳಗೆ ಒಂದು ಬೇರೂ ಇಲ್ಲ! ಎಲೆಗಳು ಮಾತ್ರ ಗಟ್ಟಿಯಾಗಿ ಒಂದಕ್ಕೊಂದು ಅಂಟಿಕೊಂಡಿವೆ.

ಮಣ್ಣುಗೈ

ಹಾಗಾದರೆ ಬದುಕುತ್ತದೆ. ಹಾವರ್ಥಿಯಾಗೆ ಇದು ಹೊಸದಲ್ಲ. ಕೊಳೆತ ಭಾಗ, ಒಣಗಿದ ಹೊರ ಎಲೆ ಎಲ್ಲ ತೆಗೆದು, ಬುಡವನ್ನು ನೆರಳಿನಲ್ಲಿ ಒಣಗಿಸಿ, ಒಣ ಮಿಶ್ರಣದ ಮೇಲೆ ಕೂರಿಸಿ. ಬಾಲ್ಕನಿತೋಟ ಅವರಿಗೆ ಹೇಳುವುದೆಲ್ಲ ನಿಮಗೂ ಅನ್ವಯಿಸುತ್ತದೆ.

ಬಾಲ್ಕನಿತೋಟ

ಹೊರತೆಗೆದೆ. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ.

ಹೊರಗಿನ ಮಣ್ಣು ಉದುರಿದ ಮೇಲೆ ನಡುವೆ ಕಪ್ಪಗಿನ ಒಂದು ಗಟ್ಟಿ ಉಂಡೆ ಉಳಿಯಿತು. ಅದರ ಸುತ್ತ ತೆಳ್ಳನೆಯ ಬಲೆಯ ಬಟ್ಟೆ ಸುತ್ತಿದೆ. ಹಿಂಡಿದರೆ ನೀರು ತೊಟ್ಟಿಕ್ಕಿತು. ಬಲೆಯನ್ನು ಕತ್ತರಿಸಿ ಬಿಡಿಸಿದಾಗ ಒಳಗಿನ ಬೇರುಗಳೆಲ್ಲ ಕಪ್ಪಗಿದ್ದವು. ಒಂದು ಬೇರನ್ನು ಎರಡು ಬೆರಳಿನ ನಡುವೆ ಹಿಡಿದು ಎಳೆದರೆ ಹೊರಗಿನ ಸಿಪ್ಪೆ ಜಾರಿ ಕೈಗೆ ಬಂತು, ಒಳಗಿನ ತೆಳು ನಾರು ಗಿಡದಲ್ಲೇ ಉಳಿಯಿತು. ಕೊಳೆತ ವಾಸನೆ ಇದೆ. ಹೊರಗಿನ ಮಣ್ಣಿಗೆ ಬಂದಿದ್ದ ಒಂದೆರಡು ಬೇರು ಮಾತ್ರ ಬೆಳ್ಳಗೆ ಗಟ್ಟಿಯಾಗಿವೆ. ಕಾಂಡದ ಬುಡವನ್ನು ಉಗುರಿನಿಂದ ಒತ್ತಿದರೆ ಒಳಗೆ ಹೋಗುತ್ತದೆ.

ಮಣ್ಣುಗೈ

ಆ ಉಂಡೆ ಸಸ್ಯಪಾಲಕರು ಸಸಿ ಎಬ್ಬಿಸಲು ಬಳಸುವ ಪೀಟ್, ಅಂದರೆ ಜೌಗು ನೆಲದಲ್ಲಿ ಅರೆಕೊಳೆತ ಪಾಚಿಯ ಪುಡಿ. ಸಸಿಗೆ ಅದು ಸರಿ, ಬೆಳೆದ ಗಿಡಕ್ಕೆ ಅಪಾಯ. ಹೊರಗೆ ನೀವು ಎಷ್ಟು ಒಳ್ಳೆಯ ಮಣ್ಣು ಹಾಕಿದರೂ ಬೇರಿನ ನಡುವೆ ಆ ಒದ್ದೆ ಉಂಡೆ ಕೂತಿರುತ್ತದೆ. ಹೊಸ ಗಿಡ ತಂದಾಗ ಅದನ್ನು ಬಿಡಿಸಿ ತೆಗೆಯುವುದನ್ನು ಎಲ್ಲರೂ ರೂಢಿ ಮಾಡಿಕೊಳ್ಳಬೇಕು.

ಬುಡ ಮೆತ್ತಗಾಗಿದೆ ಎಂದ ಮೇಲೆ ಬೇರು ಉಳಿಸುವ ಪ್ರಯತ್ನ ಬೇಡ, ಆ ಒಂದೆರಡು ಬಿಳಿ ಬೇರಿನ ಆಸೆಯನ್ನೂ ಬಿಡಿ. ತಲೆಯನ್ನು, ಅಂದರೆ ಮೇಲಿನ ಗಟ್ಟಿ ಎಲೆಗಳ ಗುಚ್ಛವನ್ನು, ಕತ್ತರಿಸಿ ಉಳಿಸಿಕೊಳ್ಳಬೇಕು.

ಹರಿತವಾದ ತೆಳು ಬ್ಲೇಡ್ ತೆಗೆದುಕೊಂಡು ಶೇ 70ರ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಆರಲು ಬಿಡಿ. ಮೆತ್ತಗಿನ ಭಾಗಕ್ಕಿಂತ ಮೇಲೆ, ಗಟ್ಟಿ ಕಾಂಡದಲ್ಲಿ ಅಡ್ಡ ಕತ್ತರಿಸಿ. ಕತ್ತರಿಸಿದ ಮುಖವನ್ನು ಚೆನ್ನಾಗಿ ಬೆಳಕಿನಲ್ಲಿ ನೋಡಿ. ಇಡೀ ವೃತ್ತ ತಿಳಿಹಸಿರು ಅಥವಾ ಬಿಳಿ ಇರಬೇಕು. ನಡುವೆ ಕಂದು ಚುಕ್ಕೆಯೋ ಉಂಗುರವೋ ಕಂಡರೆ ಕೊಳೆತವು ಕಾಂಡದ ನೀರುನಾಳಗಳ ಮೂಲಕ ಮೇಲೇರಿದೆ ಎಂದರ್ಥ. ಆಗ ಬ್ಲೇಡನ್ನು ಮತ್ತೆ ಆಲ್ಕೊಹಾಲ್‌ನಿಂದ ಒರೆಸಿ ಇನ್ನೊಂದು ಬಿಲ್ಲೆ ತೆಗೆಯಿರಿ. ಪ್ರತಿ ಸಲ ಕತ್ತರಿಸುವ ಮೊದಲೂ ಒರೆಸಲೇಬೇಕು, ಇಲ್ಲದಿದ್ದರೆ ಕೊಳೆತವನ್ನು ನೀವೇ ಒಳ್ಳೆಯ ಭಾಗಕ್ಕೆ ಸವರಿದಂತಾಗುತ್ತದೆ. ಪೂರ್ತಿ ಶುಭ್ರವಾಗುವವರೆಗೆ ನಿಲ್ಲಿಸಬೇಡಿ. ಗಿಡ ಸಣ್ಣದಾಯಿತು ಎಂದು ಮರುಗಿ ಒಂದು ಚುಕ್ಕೆ ಉಳಿಸಿದರೆ ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ.

ಕೆಳಗಿನ ಕೆಲವು ಗಟ್ಟಿ ಎಲೆಗಳನ್ನು ಪಕ್ಕಕ್ಕೆ ಮೆಲ್ಲಗೆ ಅಲುಗಾಡಿಸಿ ಬುಡಸಹಿತ ಬಿಡಿಸಿ. ಕಾಂಡ ಒಂದೆರಡು ಸೆಂಟಿಮೀಟರ್ ಬರಿದಾಗುತ್ತದೆ, ಆ ಎಲೆಗಳಿಂದ ಹೊಸ ಗಿಡವನ್ನೂ ಮಾಡಬಹುದು.

ಚಿಗುರುದಂಡೆ

ಕತ್ತರಿಸಿದ ಜಾಗಕ್ಕೆ ದಾಲ್ಚಿನ್ನಿ ಪುಡಿ ಹಚ್ಚಬೇಕು ಎಂದು ಎಲ್ಲ ಕಡೆ ಹೇಳುತ್ತಾರಲ್ಲ? ಹೈಡ್ರೋಜನ್ ಪೆರಾಕ್ಸೈಡ್ ಮಣ್ಣಿಗೆ ಹಾಕಿದರೆ ಬೇರುಕೊಳೆತ ವಾಸಿಯಾಗುತ್ತದೆ ಎಂದೂ ಓದಿದ್ದೇನೆ.

ಬಿಸಿಲುಮೂಲೆ

ದಾಲ್ಚಿನ್ನಿ ಹಚ್ಚುವುದನ್ನು ನಾನು ಬಿಟ್ಟಿದ್ದೇನೆ. ಗಾಯ ಒಣಗಲು ಬೇಕಾದದ್ದು ಗಾಳಿ ಮತ್ತು ಸಮಯ. ಶುಭ್ರವಾಗಿ ಕತ್ತರಿಸಿದ ಕಾಂಡ ಪುಡಿಯಿಲ್ಲದೆಯೂ ಚೆನ್ನಾಗಿ ಒಣಗುತ್ತದೆ, ಕೊಳೆತ ಉಳಿಸಿ ಕತ್ತರಿಸಿದ ಕಾಂಡವನ್ನು ಯಾವ ಪುಡಿಯೂ ಕಾಪಾಡುವುದಿಲ್ಲ. ಏನಾದರೂ ಹಚ್ಚಲೇಬೇಕು ಅನ್ನಿಸಿದರೆ ಗಂಧಕದ ಪುಡಿಯನ್ನು ತೆಳ್ಳಗೆ ಹಚ್ಚಿ.

ಪೆರಾಕ್ಸೈಡ್ ಬಗ್ಗೆ ನನ್ನ ಮಾತು ಇನ್ನೂ ಖಂಡಿತ: ಬೇಡ. ಅದು ನೊರೆಯೆಬ್ಬಿಸಿ ಬೇಗನೆ ನೀರು ಮತ್ತು ಆಮ್ಲಜನಕವಾಗಿ ಒಡೆದುಹೋಗುತ್ತದೆ. ಸತ್ತ ಬೇರನ್ನು ಬದುಕಿಸಲಾರದು, ಎಳೆಬೇರನ್ನು ಸುಡಬಲ್ಲದು. ಎಲ್ಲಕ್ಕಿಂತ ಹೆಚ್ಚಾಗಿ, ಮೊದಲೇ ಒದ್ದೆಯಾಗಿರುವ ಮಣ್ಣಿಗೆ ಇನ್ನಷ್ಟು ದ್ರವ ಸುರಿದಂತಾಗುತ್ತದೆ.

ಬಾಲ್ಕನಿತೋಟ

ಕತ್ತರಿಸಿದೆ. ಮೊದಲ ಬಿಲ್ಲೆಯ ನಡುವೆ ಸ್ಪಷ್ಟವಾಗಿ ಕಂದು ಉಂಗುರ ಇತ್ತು. ಮೇಲೆ ಹೋದಂತೆ ಉಂಗುರ ಚುಕ್ಕೆಗಳಾಯಿತು, ಚುಕ್ಕೆಗಳು ಕಡಿಮೆಯಾದವು, ಕೊನೆಗೆ ಪೂರ್ತಿ ತಿಳಿಹಸಿರು ಬಂತು. ಹೊರಗಿನಿಂದ ನೋಡಿದರೆ ಅಷ್ಟು ದೂರ ಏರಿದೆ ಎಂದು ಊಹಿಸಲೂ ಆಗುತ್ತಿರಲಿಲ್ಲ. ಈಗ ಅಂಗೈಯಲ್ಲಿ ಹಿಡಿಯುವಷ್ಟು ತಲೆ, ಒಂದು ಗೇಣಿಗೂ ಬಹಳ ಕಡಿಮೆ ಕಾಂಡ, ಜೊತೆಗೆ ಬುಡಸಹಿತ ಬಂದ ಐದಾರು ಎಲೆಗಳಿವೆ. ಮುಂದೆ?

ಮಣ್ಣುಗೈ

ಅಷ್ಟು ಸಾಕು. ತಲೆಯನ್ನು ಒಂದು ಖಾಲಿ ಲೋಟದ ಬಾಯಿಯ ಮೇಲೆ ಕಾಂಡ ಕೆಳಗೆ ಇಳಿಬಿದ್ದಿರುವಂತೆ ಕೂರಿಸಿ. ಕತ್ತರಿಸಿದ ಮುಖ ಏನನ್ನೂ ಮುಟ್ಟಬಾರದು, ಸುತ್ತ ಗಾಳಿಯಾಡಬೇಕು. ಬೆಳಕಿರಲಿ, ನೇರ ಬಿಸಿಲು ಬೇಡ. ಗಾಯ ಒಣಗಿ ಗಟ್ಟಿ ಪೊರೆ ಕಟ್ಟಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ದಪ್ಪ ಕಾಂಡಕ್ಕೂ ತೇವದ ಹವೆಗೂ ಇನ್ನೂ ಹೆಚ್ಚು. ಆತುರ ಬೇಡ, ಎಲೆಯಲ್ಲಿ ಬೇಕಾದಷ್ಟು ನೀರಿದೆ. ಈ ಅವಧಿಯಲ್ಲಿ ದಿನವೂ ಮುಖವನ್ನು ನೋಡುತ್ತಿರಿ, ಕಂದು ಚುಕ್ಕೆ ಮರಳಿ ಕಂಡರೆ ಮತ್ತೆ ಕತ್ತರಿಸಿ.

ಪೊರೆ ಕಟ್ಟಿದ ಮೇಲೆ ಪೂರ್ತಿ ಒಣ ಮಿಶ್ರಣದಲ್ಲಿ ಕಾಂಡವನ್ನು ಊರಿ. ಎಲೆಗಳು ಮಣ್ಣಿಗೆ ತಾಗದಿರಲಿ. ಬೇರು ಮೂಡಲು ಸುಮಾರು 2ರಿಂದ 4 ವಾರ ಹಿಡಿಯುತ್ತದೆ. ಬೇರಿಲ್ಲದ ಕಾಂಡಕ್ಕೆ ನೀರು ಹಾಕಿ ಪ್ರಯೋಜನವಿಲ್ಲ, ಕೊಳೆಯುವ ಭಯ ಮಾತ್ರ ಇದೆ.

ಬಿಡಿ ಎಲೆಗಳನ್ನೂ ಹಾಗೆಯೇ ಒಣಗಿಸಿ, ಒಣ ಮಣ್ಣಿನ ಮೇಲೆ ಸುಮ್ಮನೆ ಮಲಗಿಸಿ, ಹೂಳಬೇಡಿ. ಹೊಸ ಸಸಿ ಮೂಡುವುದು ಎಲೆಯ ಬುಡದಿಂದ. ಬುಡ ಹರಿದ ಎಲೆಯಿಂದ ಬರುವುದಿಲ್ಲ, ಪಾರದರ್ಶಕವಾದ ಎಲೆಯಿಂದಂತೂ ಬರುವುದೇ ಇಲ್ಲ. ದೊಡ್ಡೆಲೆಯ ಕೆಲವು ಎಚೆವೇರಿಯಾ ತಳಿಗಳಲ್ಲಿ ಹೂದಂಡದ ಮೇಲಿರುವ ಸಣ್ಣ ಎಲೆಗಳೇ ಹೆಚ್ಚು ಚೆನ್ನಾಗಿ ಚಿಗುರುತ್ತವೆ.

ಚಿಗುರುದಂಡೆ

ಲೋಳೆಸರದ ಎಲೆಯನ್ನೂ ಹೀಗೆ ನೆಡಬಹುದೇ?

ಮಣ್ಣುಗೈ

ಇಲ್ಲ. ಲೋಳೆಸರದ ಬಿಡಿ ಎಲೆ ಕೊಳೆಯುತ್ತದೆ, ಗಿಡವಾಗುವುದಿಲ್ಲ. ಬುಡದ ಸುತ್ತ ಬರುವ ಮರಿಗಳನ್ನು ಬೇರುಸಹಿತ ಬಿಡಿಸಿ ನೆಡಿ. ತಾಯಿಗಿಡ ಕೊಳೆತಿದ್ದರೂ ಮರಿಗಳು ಎಷ್ಟೋ ಸಲ ಚೆನ್ನಾಗಿರುತ್ತವೆ.

ತಾರಸಿಗಿಡ

ನನ್ನದು ಇದಕ್ಕೆ ಉಲ್ಟಾ. ಜೇಡ್ ಗಿಡದ ಎಲೆಗಳು ಸುಕ್ಕುಗಟ್ಟಿ ಮೆತ್ತಗಾಗಿವೆ, ಒಂದೂ ಉದುರಿಲ್ಲ, ಹಳದಿಯೂ ಇಲ್ಲ. ಕಡ್ಡಿ ತಳದವರೆಗೂ ಒಣಗಿ ಬರುತ್ತದೆ. ಆದರೆ ನಾನು ನೀರು ಹಾಕುತ್ತಲೇ ಇದ್ದೇನೆ, ತಳದಿಂದ ಹರಿದು ಹೋಗುವುದೂ ಕಾಣುತ್ತದೆ. ಕುಂಡ ಎತ್ತಿದರೆ ಹಗುರ. ಬಿಡಿಸಿ ನೋಡಿದೆ, ಬೇರು ಗಟ್ಟಿಯಾಗಿದೆ.

ಮಣ್ಣುಗೈ

ನಿಮ್ಮದು ನಿಜವಾದ ಬಾಯಾರಿಕೆ. ನೀವು ಹಾಕಿದ ನೀರು ಬೇರನ್ನು ಮುಟ್ಟುತ್ತಲೇ ಇಲ್ಲ. ಪೀಟ್ ಪೂರ್ತಿ ಒಣಗಿದರೆ ನೀರನ್ನು ಹೀರದೆ ತಳ್ಳುತ್ತದೆ. ಮಣ್ಣು ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿರುತ್ತದೆ, ಆ ಸಂದಿನಿಂದ ನೀರು ಇಳಿದು ತಳದಲ್ಲಿ ಹೊರಹೋಗುತ್ತದೆ. ಕುಂಡವನ್ನು ಅರ್ಧ ಮುಳುಗುವಷ್ಟು ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಮಣ್ಣು ಕೆಳಗಿನಿಂದ ಹೀರಲಿ. ಎತ್ತಿ ಪೂರ್ತಿ ಸೋರಲು ಬಿಡಿ. ಕೆಲವು ದಿನಗಳಲ್ಲಿ ಎಲೆಗಳು ತುಂಬಿಕೊಳ್ಳುತ್ತವೆ. ಆಮೇಲೆ ಮಣ್ಣು ಬದಲಿಸಿ. ಈ ಕೆಲಸವನ್ನು ಬೇರು ಗಟ್ಟಿಯಾಗಿದೆ ಎಂದು ಕಣ್ಣಾರೆ ನೋಡಿದವರು ಮಾತ್ರ ಮಾಡಬೇಕು.

ಹಸಿರುಕಿಟಕಿ

ಹೊಸದಾಗಿ ನೆಡುವಾಗ ಕುಂಡದ ತಳಕ್ಕೆ ಒಂದು ಪದರ ಜಲ್ಲಿ ಹಾಕಿದರೆ ನೀರು ಬೇಗ ಇಳಿಯುತ್ತದೆ ಅಲ್ಲವೇ? ತೂತಿಲ್ಲದ ಅಲಂಕಾರದ ಕುಂಡಗಳಿಗೂ ಅದೇ ಉಪಾಯ ಹೇಳುತ್ತಾರೆ.

ಬಿಸಿಲುಮೂಲೆ

ಇಳಿಯುವುದಿಲ್ಲ, ತೊಂದರೆ ಹೆಚ್ಚಾಗುತ್ತದೆ. ನುಣುಪು ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ದಾಟುವುದಿಲ್ಲ. ಮೇಲಿನ ಮಣ್ಣು ತನ್ನ ಸಣ್ಣ ಸಂದುಗಳಲ್ಲಿ ನೀರನ್ನು ಹಿಡಿದಿಟ್ಟುಕೊಂಡು, ಇನ್ನು ಹಿಡಿಯಲಾರೆ ಎಂಬಷ್ಟು ತುಂಬಿದ ಮೇಲೆಯೇ ಕೆಳಗೆ ಬಿಡುತ್ತದೆ. ಒದ್ದೆ ಸ್ಪಂಜನ್ನು ಎತ್ತಿ ಹಿಡಿದರೂ ಅದರ ಕೆಳಗಿನ ಅಂಚಿನಲ್ಲಿ ನೀರು ನಿಂತೇ ಇರುತ್ತದಲ್ಲ, ಹಾಗೆ. ಕುಂಡದಲ್ಲಿ ಆ ತುಂಬಿದ ಪದರ ತಳದಲ್ಲಿರುತ್ತದೆ. ಕೆಳಗೆ ಜಲ್ಲಿ ಹಾಕಿದರೆ ಪದರ ಮಾಯವಾಗುವುದಿಲ್ಲ, ಜಲ್ಲಿಯ ದಪ್ಪದಷ್ಟು ಮೇಲೇರಿ ಬೇರಿನ ಹತ್ತಿರ ಬಂದು ಕೂರುತ್ತದೆ. ಜಲ್ಲಿಯನ್ನು ಮಣ್ಣಿನೊಳಗೇ ಬೆರೆಸಿ, ತೂತಿನ ಮೇಲೆ ಒಂದು ತುಂಡು ಜಾಲರಿ ಸಾಕು. ತೂತಿಲ್ಲದ ಕುಂಡದಲ್ಲಿ ಈ ಗಿಡಗಳನ್ನು ನೆಡಲೇಬೇಡಿ. ಅಂದವೇ ಮುಖ್ಯ ಎಂದಾದರೆ ತೂತಿರುವ ಸಣ್ಣ ಕುಂಡದಲ್ಲಿ ನೆಟ್ಟು, ಅದನ್ನು ಅಲಂಕಾರದ ಕುಂಡದೊಳಗೆ ಇಡಿ.

ಮಣ್ಣುಗೈ

ಬಿಸಿಲುಮೂಲೆ ಅವರ ಮಾತಿಗೆ ಪೂರ್ತಿ ಒಪ್ಪಿಗೆ. ಮಿಶ್ರಣದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಪ್ಯೂಮಿಸ್, ಪರ್ಲೈಟ್ (ಎರಡೂ ಹಗುರವಾದ, ತೂತುತೂತಾದ ಕಲ್ಲಿನ ಹರಳುಗಳು) ಅಥವಾ 3ರಿಂದ 6 ಮಿಲಿಮೀಟರ್ ಗಾತ್ರದ ಒಡೆದ ಕಲ್ಲಿನ ಹರಳು ಇರಲಿ. ಉಳಿದದ್ದು ಕೋಕೋಪೀಟ್ ಅಥವಾ ಕಾಂಪೋಸ್ಟ್. ನುಣುಪು ಮರಳು ಬೇಡ, ಅದು ಸಂದುಗಳನ್ನು ಮುಚ್ಚಿಬಿಡುತ್ತದೆ. ಹರಳನ್ನು ಜಾಲರಿಯಲ್ಲಿ ಜರಡಿ ಹಿಡಿದು ಧೂಳು ತೆಗೆಯಿರಿ. ತಯಾರಾದ ಮಿಶ್ರಣಕ್ಕೆ ನೀರು ಸುರಿದರೆ ಮೇಲೆ ನಿಲ್ಲದೆ ಕ್ಷಣದಲ್ಲಿ ಇಳಿಯಬೇಕು.

ಮಣ್ಣಿನ ಕುಂಡ ಒಳ್ಳೆಯದು, ಗೋಡೆಯಿಂದಲೂ ತೇವ ಆರುತ್ತದೆ. ಬೇರಿನ ಅಗಲಕ್ಕಿಂತ ಒಂದೆರಡು ಸೆಂಟಿಮೀಟರ್ ಮಾತ್ರ ದೊಡ್ಡದಿರಲಿ. ಸಣ್ಣ ಗಿಡವನ್ನು ದೊಡ್ಡ ಕುಂಡದಲ್ಲಿ ನೆಟ್ಟರೆ ಬೇರು ತಲುಪದ ಮಣ್ಣು ದಿನಗಟ್ಟಲೆ ಒದ್ದೆಯಾಗಿಯೇ ಉಳಿಯುತ್ತದೆ.

ತಾರಸಿಗಿಡ

ಜೇಡ್ ಎಲೆಗಳು ತುಂಬಿಕೊಂಡವು. ಬಹಳ ಸಂತೋಷವಾಯಿತು. ಮಣ್ಣು ಬದಲಿಸುವಾಗ ಬೇರುಗಳ ನಡುವೆ ಬಿಳಿ ನೂಲಿನ ಗಂಟಿನಂಥದ್ದು ಕಂಡಿತು. ಬೂಷ್ಟೇ?

ಬಿಸಿಲುಮೂಲೆ

ಭೂತಗನ್ನಡಿಯಲ್ಲಿ ನೋಡಿ, ಗಂಟಿನೊಳಗೆ ಮೆಲ್ಲಗೆ ಚಲಿಸುವ ಅಂಡಾಕಾರದ ಬಿಳಿ ಹುಳು ಕಂಡರೆ ಬೇರಿನ ಹಿಟ್ಟು ತಿಗಣೆ. ರಸ ಹೀರಿ ಬೇರನ್ನು ಸೊರಗಿಸುತ್ತದೆ, ಎಲೆ ಮೆತ್ತಗಾಗಲು ಅದೂ ಒಂದು ಕಾರಣ. ಹಳೆಯ ಮಣ್ಣನ್ನು ಪೂರ್ತಿ ತೊಳೆದು ತೆಗೆಯಿರಿ, ಕಂಡ ಗಂಟುಗಳನ್ನು ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಬೇರು ಒಣಗಿದ ಮೇಲೆ ಹೊಸ ಮಣ್ಣಿನಲ್ಲಿ ನೆಡಿ, ಕೆಲವು ವಾರ ಬೇರೆ ಗಿಡಗಳಿಂದ ದೂರ ಇಡಿ. ಎಚೆವೇರಿಯಾದಂಥ ಮೇಣದ ಪುಡಿಯಿರುವ ಗಿಡಗಳಿಗೆ ಎಣ್ಣೆ ಸಿಂಪಡಿಸಬೇಡಿ, ಪುಡಿ ಹೋಗಿ ಕಲೆ ಬೀಳುತ್ತದೆ.

ಬಾಲ್ಕನಿತೋಟ

ಕೆಲವು ವಾರಗಳ ನಂತರ ಬರೆಯುತ್ತಿದ್ದೇನೆ. ಗಾಯ ಚೆನ್ನಾಗಿ ಒಣಗಿತು, ಚುಕ್ಕೆ ಮರಳಲಿಲ್ಲ. ಒಣ ಮಿಶ್ರಣದಲ್ಲಿ ಊರಿದ್ದೆ. ಕೆಳಗಿನ ಎಲೆಗಳು ಸ್ವಲ್ಪ ಸುಕ್ಕಾದಾಗ ನೀರು ಹಾಕಲು ಕೈ ತುಡಿಯಿತು, ತಡೆದುಕೊಂಡೆ. ಇವತ್ತು ತಲೆಯನ್ನು ಮೆಲ್ಲಗೆ ಎಳೆದಾಗ ಮಣ್ಣು ಹಿಡಿದುಕೊಂಡಿತು. ಒಂದು ಬದಿಯ ಹರಳು ಸರಿಸಿ ನೋಡಿದರೆ ಕಾಂಡದಿಂದ ತಿಳಿಗುಲಾಬಿ ಬಣ್ಣದ ಎಳೆಬೇರುಗಳು ಹೊರಟಿವೆ! ಬಿಡಿ ಎಲೆಗಳಲ್ಲಿ ಎರಡು ಕೊಳೆತವು, ಒಂದರ ಬುಡದಲ್ಲಿ ಗುಂಡುಸೂಜಿಯ ತಲೆಯಷ್ಟು ಸಸಿ ಮೂಡಿದೆ. ಈಗ ನೀರು ಹಾಕಬಹುದೇ? ಎಷ್ಟು?

ಮಣ್ಣುಗೈ

ಎಂಥ ಒಳ್ಳೆಯ ಸುದ್ದಿ! ಎಳೆದಾಗ ಮಣ್ಣು ಹಿಡಿದರೆ ಬೇರು ಕೆಲಸ ಶುರುಮಾಡಿದೆ. ಈಗ ಹಾಕಿ. ಚಮಚದಲ್ಲಿ ತೊಟ್ಟು ತೊಟ್ಟಾಗಿ ಬೇಡ, ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯ ನೀರನ್ನು ಚೆಲ್ಲಿ. ಆಮೇಲೆ ಕಡ್ಡಿ ತಳದವರೆಗೆ ಒಣಗಿ ಬಂದು, ಕೆಳಗಿನ ಎಲೆ ಒತ್ತಿದಾಗ ಸ್ವಲ್ಪ ಬಾಗುವವರೆಗೆ ಮುಟ್ಟಬೇಡಿ. ಈ ಎರಡೂ ಒಟ್ಟಿಗೆ ಕಂಡ ದಿನವೇ ಮುಂದಿನ ನೀರು. ಸುಡುಬೇಸಿಗೆಯಲ್ಲಿ ಬೆಳವಣಿಗೆ ನಿಲ್ಲಿಸುವ ಗಿಡಗಳಿವೆ, ಬಿಸಿಯಾದ ಒದ್ದೆ ಮಣ್ಣು ಬೇರನ್ನು ಬೇಗ ಕೊಳೆಸುತ್ತದೆ, ಆ ದಿನಗಳಲ್ಲಿ ಇನ್ನಷ್ಟು ಕಡಿಮೆ ಮಾಡಿ.

ಬೆಳಕನ್ನೂ ಹೆಚ್ಚಿಸಬೇಕು, ಒಮ್ಮೆಲೇ ಬೇಡ. ಬೆಳಗಿನ ಎಳೆಬಿಸಿಲಿಗೆ ಮೊದಲು ಅರ್ಧ ಗಂಟೆ ಇಟ್ಟು, ಎರಡು ಮೂರು ವಾರಗಳಲ್ಲಿ ನಾಲ್ಕೈದು ಗಂಟೆಗೆ ಏರಿಸಿ. ನೆರಳಿನಲ್ಲಿದ್ದ ಎಲೆಯನ್ನು ನಡುಹಗಲ ಬಿಸಿಲಿಗೆ ತಂದರೆ ಸುಟ್ಟುಹೋಗುತ್ತದೆ. ಸಸಿ ಮೂಡಿದ ಎಲೆಯನ್ನು ಕೀಳಬೇಡಿ, ಅದು ತಾನಾಗಿ ಒಣಗುವವರೆಗೆ ಸಸಿಗೆ ಅದೇ ಆಹಾರ.

ಬಾಲ್ಕನಿತೋಟ

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಕೊನೆಯದೊಂದು ಪ್ರಶ್ನೆ: ಹಳೆಯ ಮಣ್ಣು ಮತ್ತು ಆ ಪಿಂಗಾಣಿ ಕುಂಡವನ್ನು ಮತ್ತೆ ಬಳಸಬಹುದೇ?

ಬಿಸಿಲುಮೂಲೆ

ಮಣ್ಣನ್ನು ಬೇರೆ ಯಾವ ಕುಂಡಕ್ಕೂ ಹಾಕಬೇಡಿ, ಕತ್ತರಿಸಿದ ಕೊಳೆತ ಬಿಲ್ಲೆಗಳೊಂದಿಗೆ ಎಸೆದುಬಿಡಿ. ಕುಂಡವನ್ನು ಉಳಿಸಿಕೊಳ್ಳಬಹುದು. ಮೊದಲು ಉಜ್ಜಿ ತೊಳೆದು ಮಣ್ಣಿನ ಕಲೆ ತೆಗೆಯಿರಿ, ಆಮೇಲೆ 1 ಭಾಗ ಬ್ಲೀಚ್ ದ್ರವಕ್ಕೆ 9 ಭಾಗ ನೀರು ಬೆರೆಸಿ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಮುಳುಗಿಸಿಡಿ. ಕೈಗವಸು ಹಾಕಿಕೊಳ್ಳಿ, ಬಾಗಿಲು ಕಿಟಕಿ ತೆರೆದಿರಲಿ. ಬ್ಲೀಚ್ ಇರುವ ಕಡೆ ಆಲ್ಕೊಹಾಲ್ ಅಥವಾ ಬೇರೆ ಶುಚಿದ್ರವ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಚೆನ್ನಾಗಿ ತೊಳೆದು ಬಿಸಿಲಿನಲ್ಲಿ ಒಣಗಿಸಿದರೆ ಆಯಿತು. ತಳದ ತೂತು ಸಣ್ಣದು ಎಂದಿದ್ದಿರಿ. ಪಿಂಗಾಣಿ ಕೊರೆಯುವ ಡ್ರಿಲ್ ಬಿಟ್ ಇದ್ದವರಿಂದ ಅದನ್ನು ದೊಡ್ಡದು ಮಾಡಿಸಿ, ಕೊರೆಯುವಾಗ ನೀರು ಹನಿಸುತ್ತಿದ್ದರೆ ಕುಂಡ ಸೀಳುವ ಭಯ ಕಡಿಮೆ.